ಒಂದೇ ದ್ವೀಪಕ್ಕೆ ಎರಡು ಸಲ ರೊಕ್ಕ ಕಟ್ಟಿಸಿಕೊಂಡ: ಬೆಳಗಾವಿಯಿಂದ ಅಂಡಮಾನ್‌ಗೆ ಹೊರಟವರು ಓದಿ

ಬೆಳಗಾವಿಯ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಅಂಡಮಾನ್ ಪ್ಯಾಕೇಜಿನ ಜಾಹೀರಾತು ಜಾಸ್ತಿ ಓಡಾಡುತ್ತಿದೆ. ಸಾಂಬ್ರಾ ನಿಲ್ದಾಣದಿಂದ ವಿಮಾನ, ಮಳೆಕಾಡಿನ ನಡುವೆ ರೆಸಾರ್ಟ್, ಹಡಗಿನ ಟಿಕೆಟ್, ಊಟ-ತಿಂಡಿ ಎಲ್ಲ ಸೇರಿ ತಲೆಗೆ 38,500 ರೂಪಾಯಿ ಅಂತ. ಇದನ್ನು ಓದಿ ಮುಗಿಸುವ ತನಕ ದಯವಿಟ್ಟು ಯಾರೂ ಅಡ್ವಾನ್ಸ್ ಹಾಕಬೇಡಿ. ನಾವು ಹಾಕಿದೆವು. ಅಂಡಮಾನ್ ನೋಡಲಿಲ್ಲ, ರೊಕ್ಕವೂ ಪೂರ್ತಿ ಬಂದಿಲ್ಲ.

ಟ್ರಾವೆಲ್ಸಿನವನ ಹೆಸರು ಹಾಕುತ್ತಿಲ್ಲ. ಕೇಸು ನಡೆದಿದೆ, ವಕೀಲರು ಬೇಡ ಅಂದಿದ್ದಾರೆ. ಆದರೆ ಆಟ ಹೇಗೆ ಆಡುತ್ತಾರೆ ಅಂತ ಹೇಳೋದಕ್ಕೆ ಯಾರ ಅಪ್ಪಣೆಯೂ ಬೇಡ ಅಲ್ವಾ.

ಮಗಳಿಗೆ ಕಾಂಡ್ಲಾ ಕಾಡು (ಮ್ಯಾಂಗ್ರೋವ್), ಸುಣ್ಣಕಲ್ಲಿನ ಗುಹೆ ನೋಡುವ ಆಸೆ. ಅಂಡಮಾನ್‌ನಲ್ಲಿ ಮುಕ್ಕಾಲಿಗಿಂತ ಹೆಚ್ಚು ಜಾಗ ಇನ್ನೂ ಕಾಡೇ ಇದೆ ಅಂತ ಶಾಲೆಯಲ್ಲಿ ಕೇಳಿಕೊಂಡು ಬಂದಿದ್ದಳು. ದಸರಾ ರಜೆಗೆ ಹೋಗೋಣ ಅಂತ ಮಾತಾಯಿತು. ನಾನು, ಮನೆಯವರು, ಮಗಳು, ಅತ್ತೆ. ಟಿಳಕವಾಡಿ ಕಡೆಯ ಒಂದು ಟ್ರಾವೆಲ್ಸ್. ಚಂದದ ಆಫೀಸು, ಏಸಿ, ಗೋಡೆಯ ಮೇಲೆ ರಾಧಾನಗರ ಬೀಚಿನ ದೊಡ್ಡ ಫೋಟೊ. ಹೋದ ಕೂಡಲೇ ಚಹಾ. ಅತ್ತೆಯವರಿಗೆ ಸಕ್ಕರೆ ಇಲ್ಲದ ಚಹಾ ಅಂತ ಹೇಳಿದ್ದಕ್ಕೆ ಟ್ರಾವೆಲ್ಸಿನವನು ಆಳನ್ನು ಓಡಿಸಿ ಬೇರೆ ತರಿಸಿದ. ಅಷ್ಟು ಮರ್ಯಾದೆ! ಅತ್ತೆಯವರಂತೂ ‘ಹುಡುಗ ಸಂಸ್ಕಾರವಂತ’ ಅಂತ ಓಣಿ ತುಂಬ ಹೇಳಿಕೊಂಡು ಬಂದರು.

70,000 ಅಡ್ವಾನ್ಸ್ ಕೊಟ್ಟೆವು. ವಾರ ಕಳೆಯುವುದರೊಳಗೆ ಫೋನ್. ‘ಸರ, ದ್ವೀಪದಾಗ ಕಾಲಿಡಾಕ ಫಾರೆಸ್ಟ್ ಪರ್ಮಿಟ್ ಬೇಕಾಕ್ಕೈತ್ರಿ. ತಲಿಗೆ 2,800. ಇವತ್ತ ಸಂಜಿಯೊಳಗ ಹಾಕಿದ್ರ ಡಿಪಾರ್ಟ್‌ಮೆಂಟ್‌ಗೆ ಕಳಸ್ತೀನಿ.’ ಹಾಕಿದೆವು. ಮತ್ತೆ ಫೋನ್. ‘ಸರ, ಹ್ಯಾವ್ಲಾಕ್ ಅಂತೂ ಪ್ಯಾಕೇಜಿನಾಗ ಐತಿ. ಸ್ವರಾಜ್ ದ್ವೀಪನೂ ಸೇರಿಸಿ ಬಿಡ್ಲೇನ್ರಿ? ಎಲ್ಲಾರೂ ಅದನ್ನ ಕೇಳ್ತಾರ. ತಲಿಗೆ 4,200 ಅಷ್ಟ.’ ಅದನ್ನೂ ಹಾಕಿದೆವು. ಒಟ್ಟು 98,000.

ಗೊತ್ತಿದ್ದವರು ಈಗಾಗಲೇ ನಗುತ್ತಿರಬಹುದು. ನಗಿ.

ನಮ್ಮ ಓಣಿಯಲ್ಲಿ ಸುಬೇದಾರ ಕಾಕಾ ಅಂತ ಇದ್ದಾರೆ, ಮಿಲಿಟರಿಯಿಂದ ರಿಟೈರ್ ಆದವರು, ಪೋರ್ಟ್ ಬ್ಲೇರ್‌ನಲ್ಲಿ ಡ್ಯೂಟಿ ಮಾಡಿದವರು. ಮಳೆ ಹೆಂಗಿರುತ್ತದೆ, ಛತ್ರಿ ಸಾಕೋ ರೇನ್‌ಕೋಟ್ ಬೇಕೋ ಅಂತ ಕೇಳೋಣ ಅಂತ ಅವರ ಮನೆಗೆ ಪ್ಲಾನ್ ಹಾಳೆ ಒಯ್ದೆ. ಕಾಕಾ ಕನ್ನಡಕ ಹಾಕಿಕೊಂಡು ಕೆಂಪು ಬಾಲ್‌ಪೆನ್ ಹಿಡಿದು ಓದಿದರು. ಹ್ಯಾವ್ಲಾಕ್ ಅಂತ ಇದ್ದಲ್ಲಿ ಒಂದು ಸುತ್ತು ಹಾಕಿದರು. ಕೆಳಗೆ ಸ್ವರಾಜ್ ದ್ವೀಪ ಅಂತ ಇದ್ದಲ್ಲಿ ಇನ್ನೊಂದು ಸುತ್ತು. ಎರಡಕ್ಕೂ ನಡುವೆ ಒಂದು ಗೆರೆ ಎಳೆದು ನನ್ನ ಮುಖ ನೋಡಿದರು.

‘ತಮ್ಮಾ, ಅದ ಊರಿಗೆ ಎರಡು ಸಲ ಯಾಕ ಹೊಂಟಿ?’

2018ರ ಡಿಸೆಂಬರ್‌ನಲ್ಲೇ ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ ಅಂತ ಹೆಸರು ಬದಲಾಗಿದೆ. ನೀಲ್ ದ್ವೀಪ ಶಹೀದ್ ದ್ವೀಪ ಆಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ಅವರ ಹೆಸರು ಬಂತು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ನಮ್ಮ ಹಾಳೆಯಲ್ಲಿ ಮೊದಲ ದಿನ ಪೋರ್ಟ್ ಬ್ಲೇರ್, ಕಡೆಯ ದಿನ ‘ಶ್ರೀ ವಿಜಯಪುರಂ ವಿಶೇಷ ದರ್ಶನ’! ಕಾಕಾ ಅದಕ್ಕೂ ಸುತ್ತು ಹಾಕಿ ಗೆರೆ ಎಳೆದರು. ಅವರ ಸೊಸೆ ಒಳಗಿನಿಂದ ನಕ್ಕದ್ದು ನನಗೆ ಕೇಳಿಸಿತು. ಆ ಹೊತ್ತಿಗೆ ಕೂತ ಕುರ್ಚಿ ನೆಲದೊಳಗೆ ಹೋಗಬಾರದಾ ಅನ್ನಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೊದಲ ದಿನ ಸಂಜೆ ಆರು ಗಂಟೆಗೆ ಬೀಚಿನಲ್ಲಿ ಸೂರ್ಯಾಸ್ತ ಅಂತ ಬರೆದಿತ್ತು. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಅಲ್ಲಿ ನಮಗಿಂತ ತಾಸಿಗೂ ಮೊದಲೇ ಹೊತ್ತು ಮುಳುಗುತ್ತದೆ. ಅಕ್ಟೋಬರ್‌ನಲ್ಲಿ ಆರಕ್ಕೆಲ್ಲ ಕತ್ತಲು. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ‘ತಿಂಡಿ ಮುಗಿಸಿ ಆರಾಮಾಗಿ ಹತ್ತು ಗಂಟೆಗೆ’ ಹೊರಡುವುದಂತೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಗಾಡಿಗಳನ್ನು ಗೊತ್ತಾದ ಟೈಮಿಗೆ ಸಾಲಾಗಿ ಬಿಡುತ್ತಾರೆ, ಮೊದಲ ಸಾಲು ಹಿಡಿಯೋಕೆ ಜನ ಬೆಳಗಿನ ಜಾವ ಕತ್ತಲಲ್ಲೇ ಹೊರಡುತ್ತಾರೆ ಅಂದರು ಕಾಕಾ. ಇನ್ನೊಂದು ಸಾಲಿತ್ತು: ‘ದಾರಿಯಲ್ಲಿ ಜಾರವಾ ಆದಿವಾಸಿಗಳ ದರ್ಶನ, ಫೋಟೊ ತೆಗೆಯಬಹುದು’. ಇದನ್ನು ಓದಿ ಕಾಕಾ ಸಿಟ್ಟಿಗೆದ್ದರು. ಆ ರಸ್ತೆ ಜಾರವಾ ಮೀಸಲು ಕಾಡಿನೊಳಗೆ ಹೋಗುತ್ತದೆ. ಗಾಡಿ ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ, ತಿನ್ನೋಕೆ ಏನೂ ಕೊಡುವ ಹಾಗಿಲ್ಲ. ತೆಗೆದರೆ ಜೈಲು. ಅವನು ನನ್ನನ್ನು ಹೆಂಡತಿ ಮಕ್ಕಳ ಸಮೇತ ಜೈಲಿಗೆ ಕಳಿಸುವ ಪ್ಯಾಕೇಜ್ ಮಾಡಿದ್ದ. ಸೆಲ್ಯುಲರ್ ಜೈಲು ಬೇರೆ ಎರಡನೇ ದಿನ ಇತ್ತು.

ಆ ಪರ್ಮಿಟ್ಟು? ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್‌ಗೆ ಹೋಗೋಕೆ ಭಾರತೀಯರಿಗೆ ಯಾವ ಪರ್ಮಿಟ್ಟೂ ಬೇಡ. ಆಧಾರ್ ಥರದ ಗುರುತಿನ ಚೀಟಿ ಇದ್ದರೆ ಸಾಕು. ಬಾರಾಟಾಂಗ್ ರಸ್ತೆಗೆ ಫಾರ್ಮ್ ತುಂಬುವುದು ಅಲ್ಲೇ ಚೆಕ್‌ಪೋಸ್ಟಿನಲ್ಲಿ. ಇಲ್ಲಿ ಬೆಳಗಾವಿಯಲ್ಲಿ ಕೂತು 11,200 ರೂಪಾಯಿ ಕಟ್ಟಿಸಿಕೊಳ್ಳೋಕೆ ಅದೇನು ಡಿಪಾರ್ಟ್‌ಮೆಂಟು?

ಮನೆಗೆ ಬಂದು ವಿಮಾನದ ಪಿಎನ್‌ಆರ್ ಹಾಕಿ ನೋಡಿದೆ. ಬೆಳಗಾವಿಯಿಂದ ಬೆಂಗಳೂರಿನ ತನಕ ಟಿಕೆಟ್ ಇತ್ತು. ಬೆಂಗಳೂರಿನಿಂದ ಮುಂದಕ್ಕೆ ಇಲ್ಲ. ಕಂಪನಿಗೆ ಫೋನ್ ಮಾಡಿದರೆ, ಅದು ಬರೀ ಹೋಲ್ಡ್ ಮಾಡಿಟ್ಟಿದ್ದ ಬುಕಿಂಗ್, ರೊಕ್ಕ ಕಟ್ಟಿಲ್ಲ, ತಾನಾಗೇ ರದ್ದಾಗಿದೆ ಅಂದರು. ನಮಗೆ ಕಳಿಸಿದ್ದ ಪಿಡಿಎಫ್‌ನಲ್ಲಿ ಮಾತ್ರ ದೊಡ್ಡ ಹಸಿರು ಅಕ್ಷರದಲ್ಲಿ ‘ಕನ್ಫರ್ಮ್ಡ್’! ಹಡಗಿನ ಟಿಕೆಟಿನ ಕಥೆ ಇನ್ನೂ ಚಂದ. ವಿಮಾನ ಇಳಿಯೋದು ಮಧ್ಯಾಹ್ನ, ಹಡಗು ಬಿಡೋದು ಅದೇ ದಿನ ಬೆಳಿಗ್ಗೆ.

ಆಫೀಸಿಗೆ ಹೋದೆ. ಅವತ್ತು ಚಹಾ ಬರಲಿಲ್ಲ.

ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ಹ್ಯಾವ್ಲಾಕ್, ಸ್ವರಾಜ್ ದ್ವೀಪ ಒಂದೇ ಅಲ್ಲವೇನ್ರಿ ಅಂದೆ. ‘ಇಲ್ರಿ ಸರ, ಹ್ಯಾವ್ಲಾಕ್ ಹಳೇದು. ಸ್ವರಾಜ್ ದ್ವೀಪ್ ಈಗೀಗ ಸರ್ಕಾರ ಓಪನ್ ಮಾಡೈತಿ.’ ನನ್ನ ಎದುರಿಗೇ, ಕಣ್ಣು ಪಿಳುಕಿಸದೆ! ಮೊಬೈಲಿನಲ್ಲಿ ನಕ್ಷೆ ತೆಗೆದು ಅವನ ಮುಖಕ್ಕೆ ಹಿಡಿದೆ. ಆಗ ‘ಹೌದೇನ್ರಿ? ನಮ್ಮ ಹುಡುಗ ಟೈಪ್ ಮಾಡೋದ್ರಾಗ ತಪ್ಪ್ಯಾನ’. ಟೈಪಿಂಗ್ ತಪ್ಪಿಗೆ 16,800 ರೂಪಾಯಿ. ಪರ್ಮಿಟ್ ತೋರಿಸಿ ಅಂದೆ. ‘ಅದು ಆನ್‌ಲೈನ್ ಇರ್ತೈತ್ರಿ, ಕಾಗದ ಬರಂಗಿಲ್ಲ.’ ಹಾಗಾದರೆ ಆನ್‌ಲೈನ್ ತೋರಿಸಿ. ‘ಸರ್ವರ್ ಡೌನ್ ಐತ್ರಿ.’ ವಿಮಾನದ ಟಿಕೆಟ್? ‘ನಾನೂ ಮ್ಯಾಲ ವೆಂಡರ್‌ಗೆ ಕೊಟ್ಟೀನ್ರಿ ಸರ, ನನಗೂ ಮೋಸ ಆಗೈತಿ. ನಿಮಗಿಂತ ನನಗ ಜಾಸ್ತಿ ತ್ರಾಸ ಆಗೈತಿ.’ ನಾನೇ ಅವನಿಗೆ ಸಮಾಧಾನ ಹೇಳಬೇಕಿತ್ತೇನೋ!

ರೊಕ್ಕ ವಾಪಸ್ ಕೊಡು ಅಂದದ್ದಕ್ಕೆ ಬಂದ ಉತ್ತರ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ‘ರಿಫಂಡ್ ಪಾಲಿಸಿ ಇಲ್ರಿ. ನಿಮ್ಮ ಸಲುವಾಗಿ ಒಂದು ಮಾಡ್ತೀನಿ. ಅದ ರೊಕ್ಕದಾಗ ಗೋವಾ ಟೂರ್ ಅಡ್ಜಸ್ಟ್ ಮಾಡಿ ಕೊಡ್ತೀನಿ. ಅಲ್ಲೂ ಸಮುದ್ರ ಐತಿ, ಕಾಡೂ ಐತಿ.’ ಬೆಳಗಾವಿಯವನಿಗೆ ಗೋವಾ ಟೂರ್! ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುತ್ತೇವೆ. ಅದಕ್ಕೆ 98,000!

ಆಮೇಲೆ ಫೋನ್ ಎತ್ತುವುದು ಬಂದ್. ಮೆಸೇಜಿಗೆ ಬರೀ ಕೈ ಮುಗಿಯುವ ಚಿತ್ರ. 1915ಕ್ಕೆ, ಅದು ಗ್ರಾಹಕ ಸಹಾಯವಾಣಿ, ದೂರು ಕೊಟ್ಟ ಮೇಲೆ 15,000 ಬಂತು. ‘ಉಳಿದದ್ದು ದೀಪಾವಳಿ ಆದ ಮ್ಯಾಲ’ ಅಂದ. ಯಾವ ವರ್ಷದ ದೀಪಾವಳಿ ಅಂತ ಹೇಳಲಿಲ್ಲ. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇವೆ. ಕೊಟ್ಟ ರೊಕ್ಕ 5 ಲಕ್ಷದೊಳಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ, ಇದು ಗೊತ್ತಿರಲಿ. ನಮ್ಮ ಕಡೆ ಗಟ್ಟಿ ಆಗಿದ್ದು ಫೋನ್ ಪೇ ದಾಖಲೆ ಮತ್ತು ಅವನ ವಾಯ್ಸ್ ಮೆಸೇಜು. ಅವನು ಕೊಟ್ಟ ರಸೀದಿ ಬರೀ ಕಚ್ಚಾ ಚೀಟಿ, ಜಿಎಸ್‌ಟಿ ನಂಬರೂ ಇಲ್ಲ.

ಹೋಗೋದೇ ಆದರೆ ವಿಮಾನದ ಟಿಕೆಟ್ ನೀವೇ ತೆಗೆಯಿರಿ. ಹಡಗಿನ ಟಿಕೆಟ್ ಕೂಡ ಆನ್‌ಲೈನಿನಲ್ಲಿ ಸಿಗುತ್ತದೆ, ಪ್ರಯಾಣಿಕರ ಹೆಸರಿನಲ್ಲೇ ಬರುತ್ತದೆ. ಹ್ಯಾವ್ಲಾಕ್‌ಗೆ ಪ್ರೈವೇಟ್ ಹಡಗಿನಲ್ಲಿ ಒಂದೂವರೆ-ಎರಡು ತಾಸು. ಗಾಳಿ ಮಳೆ ಜೋರಾದರೆ ಹಡಗು ರದ್ದಾಗುತ್ತದೆ, ಆದ್ದರಿಂದ ವಾಪಸ್ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದಿರಿ. ಇಷ್ಟನ್ನೂ ಹೇಳಿದವರು ಕಾಕಾ, ಒಂದು ಪೈಸೆ ತಗೊಳ್ಳದೆ. ಪಿಡಿಎಫ್ ನಂಬಬೇಡಿ. ಯಾರಾದರೂ ‘ಪರ್ಮಿಟ್’ ಅಂದರೆ ಎದ್ದು ಬನ್ನಿ. ಸಕ್ಕರೆ ಇಲ್ಲದ ಚಹಾ ಬೇಕಾದರೆ ಕುಡಿದು ಬನ್ನಿ.

ಅವನ ಹೊಸ ಜಾಹೀರಾತು ಮೊನ್ನೆ ನಮ್ಮ ಸೊಸೈಟಿ ಗ್ರೂಪಿಗೇ ಬಂದಿದೆ. ಟ್ರಾವೆಲ್ಸಿನ ಹೆಸರು ಬದಲಾಗಿದೆ, ನಂಬರ್ ಬದಲಾಗಿದೆ, ಆದರೆ ಪ್ಲಾನ್ ಹಾಳೆ ಅದೇ. ಎರಡನೇ ದಿನ ಹ್ಯಾವ್ಲಾಕ್, ನಾಲ್ಕನೇ ದಿನ ಸ್ವರಾಜ್ ದ್ವೀಪ ಅಂತ ನಿಮಗೂ ಬಂದರೆ ಅವನೇ ಅಂತ ತಿಳಿಯಿರಿ.