ತುಮಕೂರಲ್ಲಿ ಕಮ್ಮಿ ದುಡ್ಡಿಗೆ ಬಫೆ, ಮುದ್ದೆ ಬಸ್ಸಾರಿಗೋಸ್ಕರನಾದ್ರೂ ಹೋಗಿ

ಬಿ.ಎಚ್. ರೋಡಲ್ಲಿ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜು, ಯೂನಿವರ್ಸಿಟಿ ಎರಡೂ ಇರೋದ್ರಿಂದ ಮಧ್ಯಾಹ್ನ 1 ಗಂಟೆ ಆದ್ರೆ ಆ ಕಡೆ ಹೋಟೆಲಲ್ಲೆಲ್ಲ ಸ್ಟೂಡೆಂಟ್ಸೇ, ಅಲ್ಲೇ ಒಂದು ಕ್ರಾಸಲ್ಲಿ ಮಹಡಿ ಮೇಲಿರೋ ಈ ವೆಜ್ ಬಫೆಗೆ ನಾವು ಫ್ರೆಂಡ್ಸೆಲ್ಲ ಹೋಗ್ತಾನೇ ಇರ್ತೀವಿ. 150 ರೂಪಾಯಿಗೆ ಎಷ್ಟು ಬೇಕಾದ್ರೂ ಹಾಕ್ಕೊಂಡು ತಿನ್ಬಹುದು, ಪಿಜಿಲಿರೋರಿಗೆ ಇನ್ನೇನ್ ಬೇಕು ಹೇಳಿ.

ನಾರ್ತ್ ಇಂಡಿಯನ್ ಐಟಮ್ಸ್ ಪರವಾಗಿಲ್ಲ ಅಷ್ಟೇ, ಗ್ರೇವಿಲಿ ಪನೀರ್ ಕಮ್ಮಿ, ರೋಟಿ ಆರಿಹೋಗಿ ಗಟ್ಟಿಯಾಗಿರುತ್ತೆ. ಅದನ್ನ ಬಿಟ್ಟು ಸೀದಾ ಮೂಲೆಲಿರೋ ಮುದ್ದೆ ಕೌಂಟರ್ ಹತ್ರ ಹೋಗಿ. ಅಲ್ಲೊಬ್ರು ಆಂಟಿ ಒದ್ದೆ ಕೈಯಲ್ಲಿ ಬಿಸಿಬಿಸಿ ಮುದ್ದೆ ಕಟ್ಟಿ ತಟ್ಟೆಗೇ ಹಾಕ್ತಾರೆ, ಇನ್ನೂ ಹಬೆ ಆಡ್ತಿರುತ್ತೆ, ಮೇಲೊಂಚೂರು ತುಪ್ಪ ಬಿಟ್ಕೊಂಡು ಬಸ್ಸಾರಲ್ಲಿ ಅದ್ದಿ ನುಂಗಿದ್ರೆ ಆಹಾ! ಬಸ್ಸಾರೂ ಅಷ್ಟೇ, ಪ್ಯಾಕೆಟ್ ಪುಡಿ ಕಲಸಿದ ಸಾರಲ್ಲ, ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಲ್ಲೇ ಮಾಡಿರ್ತಾರೆ, ಬೆಳ್ಳುಳ್ಳಿ ಮೆಣಸು ಜೀರಿಗೆ ಘಮ ಮೆಟ್ಲು ಹತ್ತುವಾಗ್ಲೇ ಮೂಗಿಗೆ ಬರುತ್ತೆ, ಬಸಿದಿಟ್ಟ ಸೊಪ್ಪು ಕಾಳಿಗೆ ಕಾಯಿತುರಿ ಹಾಕಿ ಪಲ್ಯ ಮಾಡಿ ಪಕ್ಕದಲ್ಲೇ ಇಟ್ಟಿರ್ತಾರೆ. ಚಳಿಗಾಲದಲ್ಲಿ ಸೊಗಡು ಅವರೆಕಾಯಿ ಬಂದಾಗ ಹಿತಕಬೇಳೆ ಸಾರು ಮಾಡ್ತಾರೆ, ಆವತ್ತು ಮಾತ್ರ ಬೇಗ ಹೋಗಿ, 2 ಗಂಟೆಗೆಲ್ಲ ಖಾಲಿ.

ಬೇಜಾರಾಗೋದು ಕೈ ತೊಳಿಯೋ ಜಾಗ ನೋಡಿದ್ರೆ, ಯಾವಾಗ್ಲೂ ನೀರು ನಿಂತಿರುತ್ತೆ, ಇಷ್ಟು ಒಳ್ಳೆ ಊಟ ಹಾಕೋರು ಅದನ್ನೂ ಸರಿ ಮಾಡ್ಬೇಕು ಕಣ್ರೀ. ತಟ್ಟೆಲಿ ಊಟ ಬಿಟ್ರೆ ಎಕ್ಸ್‌ಟ್ರಾ ಚಾರ್ಜ್ ಹಾಕ್ತಾರೆ, ಅದು ಸರಿಯಾಗೇ ಇದೆ. ಭಾನುವಾರ ರಜ, ಯುಪಿಐ ತಗೋತಾರೆ.