ಹದಿನಾಲ್ಕು ತಿಂಗಳ ವೈಫೈ ಪ್ರಿಂಟರ್: ಯಂತ್ರಕ್ಕೆ ನಾಲ್ಕು ಸ್ಟಾರ್, ಜೊತೆಗೆ ಬಂದ ಚೀಟಿಗೆ ಅರ್ಧ

ನಮ್ಮ ಮನೆ ಸಾಗರ ಪೇಟೆಯಿಂದ 18 ಕಿಲೋಮೀಟರ್. ಅಡಿಕೆ ತೋಟ, ನಾಲ್ಕು ಹಸು, ಜೊತೆಗೆ ಊರಿನ ಹಾಲು ಸಂಘದ ಕಾರ್ಯದರ್ಶಿ ಕೆಲಸ. ಸಭೆಯ ನೋಟಿಸ್ ಒಂದು ಪ್ರಿಂಟ್ ಆಗಬೇಕೆಂದರೂ ಪೇಟೆಗೇ ಹೋಗಬೇಕಿತ್ತು. ಜೆರಾಕ್ಸ್ ಅಂಗಡಿಯವರು ಮೊಬೈಲಿಂದ ಒಂದು ಹಾಳೆ ತೆಗೆದುಕೊಡಲು 10 ರೂಪಾಯಿ ತಗೊಳ್ಳುತ್ತಾರೆ. ಅದು ಜಾಸ್ತಿಯೇನಲ್ಲ. ಆದರೆ ಬೈಕಿನ ಪೆಟ್ರೋಲು, ಅರ್ಧ ದಿನ, "ಹೇಗೂ ಪೇಟೆಗೆ ಹೊರಟಿದ್ದೀರಲ್ಲ" ಎಂದು ಹೆಂಡತಿ ಕೈಗೆ ಕೊಡುವ ಸಾಮಾನಿನ ಪಟ್ಟಿ, ಎಲ್ಲ ಸೇರಿಸಿದರೆ ಆ ಒಂದು ಹಾಳೆ ಆರುನೂರು ರೂಪಾಯಿಗೆ ಹೋಗಿ ನಿಲ್ಲುತ್ತಿತ್ತು.

ಹಾಗಾಗಿ ಹೋದ ವರ್ಷ 13,800 ರೂಪಾಯಿ ಕೊಟ್ಟು ಇಂಕ್ ಟ್ಯಾಂಕ್ ಪ್ರಿಂಟರ್ ತಂದೆ. ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಇದೆ, ವೈಫೈ ಇದೆ, ಡಿಸ್‌ಪ್ಲೇ ಇಲ್ಲ. ಆರು ಗುಂಡಿ, ನಾಲ್ಕು ದೀಪ, ಅಷ್ಟೆ. ಕಂಪನಿಯ ಹೆಸರು ಬರೆಯುವುದಿಲ್ಲ. ಕೆಳಗೆ ಸ್ವಲ್ಪ ಬೈಗುಳವೂ ಇದೆ. ಅದೂ ಅಲ್ಲದೆ ಈ ಬೆಲೆಗೆ ಯಾವುದನ್ನು ತಂದರೂ ವೈಫೈ ಗೋಳು ಹೆಚ್ಚುಕಡಿಮೆ ಇದೇ.

ಇಂಕ್ ತುಂಬುವುದು, ಕಾಗದ ಇಡುವುದು, ಪರೀಕ್ಷೆ ಹಾಳೆ ತೆಗೆಯುವುದು, ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಅಷ್ಟಕ್ಕೆ ಹೊಗಳಬಹುದು. ವೈಫೈಗೆ ಸೇರಿಸಲು ಮಾತ್ರ ಮೂರು ದಿನ ಬೇಕಾಯಿತು.

ಡಬ್ಬದಲ್ಲಿ ಒಂದು ಮಡಚಿದ ಚೀಟಿ ಇತ್ತು. ಅದರಲ್ಲಿ ಮಾತೇ ಇಲ್ಲ, ಬರೀ ಚಿತ್ರ. ಒಂದು ಮೊಬೈಲ್, ಒಂದು ಬಾಣ, ಒಂದು ಪ್ರಿಂಟರ್, ಕೊನೆಯಲ್ಲಿ ನಗುವ ಮನುಷ್ಯ. ಆ ಪುಣ್ಯಾತ್ಮ ಯಾಕೆ ನಗುತ್ತಿದ್ದಾನೆ ಎಂದು ನನಗೆ ಈಗಲೂ ಗೊತ್ತಾಗಿಲ್ಲ. ಆ್ಯಪ್ ಹಾಕಿಕೊಂಡೆ. ಅದು ಮೊದಲು ಲೊಕೇಶನ್ ಕೇಳಿತು. ಪ್ರಿಂಟರಿಗೆ ನಾನೆಲ್ಲಿದ್ದರೇನು ಎಂದು ಬೇಡ ಒತ್ತಿದೆ. ಆ್ಯಪಿಗೆ ಯಾವ ಪ್ರಿಂಟರೂ ಕಾಣಲಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗಳು ಸುತ್ತಮುತ್ತಲ ವೈಫೈ ಹುಡುಕಬೇಕೆಂದರೆ ಸಾಮಾನ್ಯವಾಗಿ ಲೊಕೇಶನ್ ಅನುಮತಿ ಬೇಕು, ಲೊಕೇಶನ್ ಆನ್ ಕೂಡ ಇರಬೇಕು. ಇದು ಆ ಚೀಟಿಯಲ್ಲಿ ಇರಬೇಕಿತ್ತು, ಅಲ್ವಾ? ಇರಲಿಲ್ಲ.

ಅದನ್ನು ಕೊಟ್ಟ ಮೇಲೆ ಪ್ರಿಂಟರ್ ಕಂಡಿತು. ಪಾಸ್‌ವರ್ಡ್ ಹಾಕಿದೆ. ಗೆರೆ ಮುಕ್ಕಾಲು ಭಾಗ ತುಂಬಿ, ಅಲ್ಲೇ ನಿಂತು, "ಸಂಪರ್ಕ ಸಾಧ್ಯವಾಗಲಿಲ್ಲ" ಎಂದಿತು. ಮತ್ತೆ ಹಾಕಿದೆ. ಮತ್ತೆ ಮುಕ್ಕಾಲು. ಆ ರಾತ್ರಿ ಇದೇ ಆಟ ಹನ್ನೊಂದರವರೆಗೆ.

ಮರುದಿನ ಕಸ್ಟಮರ್ ಕೇರ್. ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ಆಫ್ ಮಾಡಿ ಆನ್ ಮಾಡಿ ಸರ್ ಎಂದ. ಮಾಡಿದೆ. ಸರಿಹೋಗಲಿಲ್ಲ. "ಹಾಗಾದ್ರೆ ಇಂಟರ್ನೆಟ್‌ನವರನ್ನು ಕೇಳಿ ಸರ್." ಇಂಟರ್ನೆಟ್‌ನವರು, "ಮೊಬೈಲಲ್ಲಿ ನೆಟ್ ಬರ್ತಿದೆಯಲ್ಲ, ಹಾಗಾದ್ರೆ ಪ್ರಿಂಟರಿನವರನ್ನೇ ಕೇಳಿ" ಎಂದರು. ಹಸು ಈದರೆ ಕರು ನನ್ನದಲ್ಲ ಎಂದು ಇಬ್ಬರೂ ಹೇಳಿದ ಹಾಗಾಯಿತು.

ಮೂರನೇ ದಿನ ರಾತ್ರಿ ಬೆಂಗಳೂರಿನಿಂದ ಮಗಳು ವಿಡಿಯೋ ಕಾಲ್ ಮಾಡಿದಳು. "ಅಪ್ಪಾ, ನಿನ್ನ ಮೊಬೈಲು ಯಾವ ವೈಫೈಯಲ್ಲಿದೆ? ಹೆಸರು ಓದು." ಓದಿದೆ. ಕೊನೆಯಲ್ಲಿ 5ಜಿ ಎಂದಿತ್ತು. ನಮ್ಮ ರೂಟರ್ ಎರಡು ಹೆಸರು ತೋರಿಸುತ್ತದೆ. ಒಂದು ಸಾದಾ, ಇನ್ನೊಂದಕ್ಕೆ 5ಜಿ ಬಾಲ. 5ಜಿ ಅಂದರೆ ಒಳ್ಳೇದಲ್ವಾ ಎಂದು ನಾನು ಯಾವಾಗಲೂ ಅದರಲ್ಲೇ ಇರುತ್ತಿದ್ದೆ. ಟವರಿನ 5ಜಿಗೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಇದು 5 ಗಿಗಾಹರ್ಟ್ಸ್ ಅಲೆ. ಸಾದಾ ಹೆಸರಿನದ್ದು 2.4 ಗಿಗಾಹರ್ಟ್ಸ್. ಕಡಿಮೆ ಬೆಲೆಯ ಮನೆ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಗೊತ್ತು. ನಾನು ಆ್ಯಪಿನಲ್ಲಿ ಕೊಡುತ್ತಿದ್ದದ್ದು ಅದಕ್ಕೆ ಕಾಣಿಸದೇ ಇರುವ ವೈಫೈಯ ಹೆಸರು. ಮುಕ್ಕಾಲು ತುಂಬಿ ನಿಲ್ಲದೆ ಇನ್ನೇನು ಮಾಡೀತು?

ಡಬ್ಬದ ಹೊರಗೆ, ಕೆಳಮಗ್ಗುಲಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ 2.4 ಎಂದು ಬರೆದಿತ್ತು. ಕನ್ನಡಕ ಹಾಕಿಕೊಂಡು ಆಮೇಲೆ ನೋಡಿದೆ.

"ಸರಿ, ಇನ್ನು ಆ್ಯಪ್ ಬಿಡು. ರೂಟರಿನ ಹಿಂದೆ ಡಬ್ಲ್ಯುಪಿಎಸ್ ಅಂತ ಗುಂಡಿ ಇರ್ತದೆ. ಅದನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈಫೈ ಗುಂಡಿ ಒತ್ತು. ಪಾಸ್‌ವರ್ಡೇ ಬೇಡ" ಎಂದಳು. ರೂಟರ್ ಇರುವುದು ಜಗಲಿಯಲ್ಲಿ. ಪ್ರಿಂಟರ್ ಆಗ ಮಾಳಿಗೆ ಕೋಣೆಯಲ್ಲಿತ್ತು. ನಡುವೆ ನಡುಮನೆ, ಕಡಿದಾದ ಮರದ ಮೆಟ್ಟಿಲು, ಮೇಲೆ ಒಂದು ಗಿಡ್ಡ ಬಾಗಿಲು. ನೂರು ವರ್ಷದ ಮನೆ. ಬಾಗಿಲುಗಳೆಲ್ಲ ಬಗ್ಗಿ ಹೋಗುವವರಿಗೇ ಮಾಡಿದ್ದು. ರೂಟರಿನ ಗುಂಡಿ ಒತ್ತಿ ಓಡಿದೆ. ಎರಡು ನಿಮಿಷ ಎಂಬ ಗಡಿಬಿಡಿಯಲ್ಲಿ ಬಗ್ಗುವುದು ಮರೆತು ದಾರಂದಕ್ಕೆ ಹಣೆ ಬಡಿಯಿತು. ಅಲ್ಲೇ ಕೂತೆ. ಸಮಯ ಮುಗಿಯಿತು.

ಎರಡನೇ ಸಲ ಹೆಂಡತಿ ರೂಟರ್ ಹತ್ತಿರ ನಿಂತಳು, ನಾನು ಮೇಲೆ. "ಒತ್ತಿದೆ!" ಎಂದು ಕೂಗಿದಳು. ನಾನು ಪ್ರಿಂಟರಿನ ಗುಂಡಿಯನ್ನು ದೀಪ ಮಿಣಕಲು ಶುರುವಾಗುವವರೆಗೆ ಒತ್ತಿ ಹಿಡಿದೆ. ಹಸಿರು ದೀಪ ಮಿಂಚುಹುಳದ ಹಾಗೆ ಹತ್ತಿ ಆರಿ, ಹತ್ತಿ ಆರಿ, ಆಮೇಲೆ ಸುಮ್ನೆ ಉರಿದು ನಿಂತಿತು. ಮೂರು ದಿನದ ಕೆಲಸ ಒಂದೂವರೆ ನಿಮಿಷದಲ್ಲಿ ಆಯಿತು.

ಕೆಲಸ ಮುಗಿದ ಮೇಲೆ ರೂಟರಿನಲ್ಲಿ ಡಬ್ಲ್ಯುಪಿಎಸ್ ಆಫ್ ಮಾಡಿಬಿಡು ಎಂದೂ ಹೇಳಿದಳು. ಗುಂಡಿಯ ಬದಲು ಪಿನ್ ಹಾಕಿ ಸೇರುವ ದಾರಿಯೂ ಅದರಲ್ಲಿದೆ. ಆ ಪಿನ್ ಸುಲಭಕ್ಕೆ ಒಡೆಯಬಹುದು ಎಂದು 2011ರಲ್ಲೇ ಬಯಲಾಗಿದೆಯಂತೆ. ನಮ್ಮ ವೈಫೈ ಕದಿಯಬೇಕೆಂದರೆ ಕಳ್ಳ ಮಳೆಯಲ್ಲಿ ಅಂಗಳದಲ್ಲಿ ನಿಂತು ಉಂಬಳ ಕಚ್ಚಿಸಿಕೊಳ್ಳಬೇಕು. ಆದರೂ ಆಫ್ ಮಾಡಿದೆ. ಪೇಟೆ ಮನೆಯವರು ಖಂಡಿತ ಮಾಡಿ.

ದೀಪ ಉರಿದರೂ ಪ್ರಿಂಟು ಸಲೀಸಾಗಿ ಬರುತ್ತಿರಲಿಲ್ಲ. ಅರ್ಧ ಹಾಳೆ ಬಂದು ನಿಲ್ಲುವುದು, ಎರಡು ನಿಮಿಷ ಯೋಚಿಸಿ ಉಳಿದರ್ಧ ಕೊಡುವುದು. ನನ್ನ ಯಂತ್ರದಲ್ಲಿ ಒಂದು ಗುಂಡಿ ಒತ್ತಿ ಹಿಡಿದರೆ ನೆಟ್‌ವರ್ಕಿನ ಜಾತಕವೇ ಒಂದು ಹಾಳೆಯಲ್ಲಿ ಬರುತ್ತದೆ. ಯಾವ ವೈಫೈ, ಎಷ್ಟು ಸಿಗ್ನಲ್, ರೂಟರ್ ಅದಕ್ಕೆ ಕೊಟ್ಟ ವಿಳಾಸ ಅಂದರೆ ಐಪಿ ನಂಬರ್ ಯಾವುದು, ಎಲ್ಲ. ಬೇರೆ ಯಂತ್ರಗಳಲ್ಲೂ ಸಾಮಾನ್ಯವಾಗಿ ಇಂಥದ್ದೊಂದು ಇರುತ್ತದೆ, ಗುಂಡಿ ಬೇರೆ ಅಷ್ಟೆ. ನನ್ನ ಹಾಳೆಯಲ್ಲಿ ಸಿಗ್ನಲ್ ಎದುರು "ಕಳಪೆ" ಎಂಬ ಅರ್ಥದ ಇಂಗ್ಲಿಷ್ ಪದ. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬೇಸಿಗೆಯಲ್ಲಿ ತಂಪು, ವೈಫೈಗೆ ಶತ್ರು. 2.4 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ 5ಕ್ಕಿಂತ ವಾಸಿ, ಆದರೂ ಎರಡು ಗೋಡೆ, ಒಂದು ಮಾಳಿಗೆ ಅಂದರೆ ಅದೂ ಸುಸ್ತಾಗುತ್ತದೆ. ಪ್ರಿಂಟರನ್ನು ಇಳಿಸಿ ನಡುಮನೆಯ ಹೊಲಿಗೆ ಮೆಷಿನ್ ಮೇಜಿನ ಮೇಲೆ ಇಟ್ಟೆ. ಹೊಲಿಗೆ ಮೆಷಿನ್ನಿನ ಒಡತಿ ಎರಡು ದಿನ ಮಾತು ಬಿಟ್ಟಳು. ಸಿಗ್ನಲ್ ಮಾತ್ರ "ಅತ್ಯುತ್ತಮ" ಆಯಿತು.

ಇನ್ನು ಮಳೆಗಾಲದ ಕಥೆ. ಜೂನ್ ಬಂದರೆ ನಮ್ಮಲ್ಲಿ ಕರೆಂಟು ಅತಿಥಿ. ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನಲ್ಲಿ ಪ್ರಿಂಟರ್ "ಆಫ್‌ಲೈನ್". ಪ್ರಿಂಟರಿನ ದೀಪ ನೋಡಿದರೆ ಉರಿಯುತ್ತಲೇ ಇದೆ. ಮೊಬೈಲಿಂದ ಪ್ರಿಂಟ್ ಬರುತ್ತದೆ, ಕಂಪ್ಯೂಟರಿಂದ ಇಲ್ಲ. ನಾನು ಪ್ರಿಂಟರನ್ನು ತೆಗೆದುಹಾಕಿ ಮತ್ತೆ ಸೇರಿಸುತ್ತಿದ್ದೆ. ಎರಡು ದಿನಕ್ಕೆ ಮತ್ತೆ ಅದೇ. ಹೀಗೆ ನಾಲ್ಕು ಸಲ.

ಕಾರಣ ಗೊತ್ತಾದಾಗ ನಗು ಬಂತು. ನಮ್ಮ ಸಂಘದಲ್ಲಿ ಹಾಲು ಹಾಕುವ ಪ್ರತಿಯೊಬ್ಬರಿಗೂ ಒಂದು ನಂಬರ್ ಇದೆ. ನಾನು ದಿನಾ ಬೆಳಿಗ್ಗೆ ಯಾರು ಮೊದಲು ಬಂದರೋ ಅವರಿಗೆ 1, ಆಮೇಲೆ ಬಂದವರಿಗೆ 2 ಎಂದು ಹೊಸದಾಗಿ ಕೊಡುತ್ತಾ ಹೋದರೆ ಏನಾಗುತ್ತದೆ? ಒಬ್ಬರ ಹಾಲಿನ ದುಡ್ಡು ಇನ್ನೊಬ್ಬರ ಲೆಕ್ಕಕ್ಕೆ. ನನ್ನ ರೂಟರ್ ಮಾಡುತ್ತಿದ್ದದ್ದು ಇದನ್ನೇ. ಕರೆಂಟು ಬಂದ ಕೂಡಲೇ ಟಿವಿ, ಮೊಬೈಲು, ಪ್ರಿಂಟರ್ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ನಿನ್ನೆ 192.168.1.5 ಇದ್ದ ಪ್ರಿಂಟರಿಗೆ ಇವತ್ತು 192.168.1.8. ಕಂಪ್ಯೂಟರ್ ಪಾಪ 5ನೇ ಮನೆ ಬಾಗಿಲು ಬಡಿದು, ಯಾರೂ ಇಲ್ಲ, ಆಫ್‌ಲೈನ್ ಎಂದು ವಾಪಸ್ ಬರುತ್ತದೆ.

ಪರಿಹಾರ ಹೀಗೆ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ ಒಳಗೆ ಹೋಗಬೇಕು. ಬಹಳ ಮನೆಗಳಲ್ಲಿ ಅದು 192.168.1.1, ರೂಟರಿನ ಹೊಟ್ಟೆಯ ಕೆಳಗಿನ ಸ್ಟಿಕ್ಕರ್ ನೋಡಿ. ಅಲ್ಲಿ ಡಿಎಚ್‌ಸಿಪಿ ಎಂಬ, ನಂಬರ್ ಹಂಚುವ ವಿಭಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಎಂದು ಇರುತ್ತದೆ. ಆ ಜಾತಕದ ಹಾಳೆಯಲ್ಲಿರುವ ಪ್ರಿಂಟರಿನ ಮ್ಯಾಕ್ ಅಡ್ರೆಸ್ (ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ನಂಬರ್) ಬರೆದು, ಎದುರಿಗೆ ಒಂದು ನಂಬರ್ ಕೊಟ್ಟರೆ ಆಯಿತು. ನಾನು 192.168.1.50 ಕೊಟ್ಟೆ. ಆಮೇಲೆ ವಿಂಡೋಸಿನಲ್ಲಿ ಪ್ರಿಂಟರನ್ನು ತಾನಾಗಿ ಹುಡುಕಲು ಬಿಡದೆ, ಟಿಸಿಪಿ/ಐಪಿ ವಿಳಾಸ, ಅಂದರೆ ಅದೇ ನಂಬರ್, ಕೊಟ್ಟು ಸೇರಿಸುವ ದಾರಿ ಹಿಡಿದೆ. ಅವತ್ತಿನಿಂದ ಆಫ್‌ಲೈನ್ ಎಂಬ ಮಾತು ಕೇಳಿಲ್ಲ. ಇದೂ ಆ ಚೀಟಿಯಲ್ಲಿ ಇರಲಿಲ್ಲ, ಕಸ್ಟಮರ್ ಕೇರ್ ಹುಡುಗನೂ ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದು ಆಫ್, ಆನ್.

ಮೇ ತಿಂಗಳ ಗುಡುಗು ಮಳೆಗೆ ರೂಟರ್ ಸುಟ್ಟುಹೋಯಿತು. ಪ್ರಿಂಟರ್ ಪ್ಲಗ್ ಕಿತ್ತಿಟ್ಟಿದ್ದರಿಂದ ಬದುಕಿತು. ಹೊಸ ರೂಟರ್ ತಂದ ಹುಡುಗ ಹೊಸ ಹೆಸರು, ಹೊಸ ಪಾಸ್‌ವರ್ಡ್ ಇಟ್ಟು ಹೊರಟಿದ್ದ. ತಡೆದು, "ಹಳೇ ಹೆಸರು, ಹಳೇ ಪಾಸ್‌ವರ್ಡೇ ಹಾಕು ಮಾರಾಯ" ಎಂದೆ. ಅಕ್ಷರ ಒಂದೂ ಹೆಚ್ಚುಕಡಿಮೆ ಆಗದ ಹಾಗೆ ಹಾಕಿಸಿದೆ. ಪ್ರಿಂಟರ್ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ತಾನೇ ಸೇರಿಕೊಂಡಿತು. ನಂಬರ್ ರಿಸರ್ವೇಶನ್ ಒಂದನ್ನು ಮಾತ್ರ ಮತ್ತೆ ಮಾಡಬೇಕಾಯಿತು.

ಮೊಬೈಲಿಂದ ಪ್ರಿಂಟ್ ತೆಗೆಯುವುದು ಈ ಯಂತ್ರದ ಅತಿ ಒಳ್ಳೆ ಗುಣ. ಆಂಡ್ರಾಯ್ಡ್ 8ರಿಂದ ಈಚಿನ ಫೋನಿನಲ್ಲಿ ಪ್ರಿಂಟ್ ವ್ಯವಸ್ಥೆ ಒಳಗೇ ಇದೆ. ಐಫೋನಿನಲ್ಲಿ 2010ರಿಂದಲೇ ಇಂಥದ್ದೇ ವ್ಯವಸ್ಥೆಯಾದ ಏರ್‌ಪ್ರಿಂಟ್ ಇದೆ. ಹಬ್ಬಕ್ಕೆ ಬಂದ ತಮ್ಮನ ಮಗನಿಗೆ ಮಾತ್ರ ಪ್ರಿಂಟರ್ ಕಾಣಲೇ ಇಲ್ಲ. ನೋಡಿದರೆ ಅವನಿಗೆ ಕೊಟ್ಟಿದ್ದು ಗೆಸ್ಟ್ ವೈಫೈ. ಅದು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುವ ಹಾಗೆ, ಇಂಟರ್ನೆಟ್ ಕೊಡುತ್ತದೆ, ಮನೆಯೊಳಗಿನ ಸಾಮಾನು ತೋರಿಸುವುದಿಲ್ಲ. ಮನೆ ವೈಫೈಗೆ ಹಾಕಿದ ಮೇಲೆ ಸರಿಹೋಯಿತು.

ಕನ್ನಡದವರಿಗೆ ಒಂದು ವಿಶೇಷ ಎಚ್ಚರಿಕೆ. ನಾನು ನೋಟಿಸುಗಳನ್ನು ಇನ್ನೂ ಹಳೇ ನುಡಿ ಫಾಂಟಿನಲ್ಲೇ ಟೈಪ್ ಮಾಡುತ್ತೇನೆ. ಆ ವರ್ಡ್ ಕಡತವನ್ನು ವಾಟ್ಸಾಪಿನಲ್ಲಿ ಮೊಬೈಲಿಗೆ ಕಳಿಸಿಕೊಂಡು ಪ್ರಿಂಟ್ ಕೊಟ್ಟೆ. "ಸರ್ವ ಸದಸ್ಯರ ಸಭೆ" ಎಂದು ಬರಬೇಕಾದ ಕಡೆ ತಲೆಗೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಾಲು. ನ ಇದ್ದಲ್ಲೆಲ್ಲ ಇಂಗ್ಲೆಂಡಿನ ಪೌಂಡ್ ಚಿಹ್ನೆ. ತಪ್ಪು ಪ್ರಿಂಟರಿನದ್ದಲ್ಲ. ಹಳೇ ನುಡಿ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲ, ಆ ಫಾಂಟು ಮೊಬೈಲಿನಲ್ಲಿ ಇಲ್ಲ. ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳಿಸಿಕೊಂಡರೆ ಅಕ್ಷರ ಅಕ್ಷರವಾಗಿಯೇ ಬರುತ್ತದೆ.

ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಎರಡೆರಡು ಹಾಳೆ ಒಟ್ಟಿಗೆ ಎಳೆಯುತ್ತದೆ, ಸಿಕ್ಕಿಕೊಳ್ಳುತ್ತದೆ. ಅಮ್ಮ ಹೇಳಿದ ಉಪಾಯ ಕೆಲಸ ಮಾಡಿದೆ. ಹಪ್ಪಳದ ಡಬ್ಬಕ್ಕೆ ಹಾಕು, ಬೇಕಾದಾಗ ಇಪ್ಪತ್ತು ಹಾಳೆ ತಗೋ. ಇಂಕಿನ ಖರ್ಚು ಕಡಿಮೆ. ಇಲ್ಲಿಯವರೆಗೆ ಕಪ್ಪು ಎರಡು ಬಾಟಲಿ ತಂದಿದ್ದೇನೆ, ಬಣ್ಣ ಮೊದಲಿನದ್ದೇ ಇದೆ. ವಾರಕ್ಕೊಂದು ಬಣ್ಣದ ಹಾಳೆಯನ್ನಾದರೂ ತೆಗೆಯಿರಿ, ಇಲ್ಲದಿದ್ದರೆ ಇಂಕು ಒಣಗಿ ಗೆರೆ ಬೀಳುತ್ತದೆ. ನಾವು ಅಮ್ಮನ ಭಜನೆ ಹಾಡುಗಳನ್ನು ದೊಡ್ಡಕ್ಷರದಲ್ಲಿ, ತಲೆಬರಹ ಕೆಂಪಿನಲ್ಲಿ ತೆಗೆದುಕೊಡುತ್ತೇವೆ. ಅವಳಿಗೂ ಖುಷಿ, ಪ್ರಿಂಟರಿಗೂ ವ್ಯಾಯಾಮ.

ಈಗ ಅಕ್ಕಪಕ್ಕದವರು ಪಹಣಿಗೆ, ಮಕ್ಕಳ ಹಾಲ್ ಟಿಕೆಟಿಗೆ ನಮ್ಮಲ್ಲಿಗೇ ಬರುತ್ತಾರೆ. ದುಡ್ಡು ತಗೊಳ್ಳುವುದಿಲ್ಲ. ಹೋದ ವಾರ ಎರಡು ಪಹಣಿಗೆ ಒಂದು ಬಾಳೆಗೊನೆ ಬಂತು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಸ್ಕ್ಯಾನಿಗೆ. ವೈಫೈ ಮೇಲೆ ಮೊಬೈಲಿಗೆ ಸ್ಕ್ಯಾನ್ ಚೆನ್ನಾಗಿ ಬರುತ್ತದೆ. ಕಂಪ್ಯೂಟರಿಗೆ ಮಾತ್ರ ಇವತ್ತಿನವರೆಗೂ ಬಂದಿಲ್ಲ, ಅರ್ಧ ಗೆರೆ ತುಂಬಿ ನಿಲ್ಲುತ್ತದೆ. ದೀಪಾವಳಿಗೆ ಮಗಳು ಬರುತ್ತಾಳೆ. ಸರಿಹೋದರೆ ಇಲ್ಲೇ ಬರೆಯುತ್ತೇನೆ.