ಊರುಗೋಲೋ, ಮೊಣಕಾಲು ಸ್ಕೂಟರೋ?

ಕಣಕಾಲಿನ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಆಪರೇಷನ್ ಆದಮೇಲೆ ಕೆಲವು ವಾರ ಆ ಕಾಲಿನ ಮೇಲೆ ಭಾರ ಹಾಕಬೇಡಿ ಅಂತ ಡಾಕ್ಟರ್ ಹೇಳುವುದು ಸಾಮಾನ್ಯ. ಆಗ ಮನೆಯೊಳಗೆ ಓಡಾಡುವುದು ಹೇಗೆ?

ಮೆಟ್ಟಿಲಿದ್ದರೆ ಜಾಸ್ತಿ ಯೋಚನೆ ಬೇಡ, ಊರುಗೋಲೇ ಬೇಕು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಊರುಗೋಲು ಮೊದಲು. ಭಾರ ಅಂಗೈ ಮೇಲೆ ಬೀಳಬೇಕು, ಕಂಕುಳಿನ ಮೇಲಲ್ಲ. ಕಂಕುಳಿಗೂ ಊರುಗೋಲಿನ ಮೇಲ್ತುದಿಗೂ ನಡುವೆ 2–3 ಬೆರಳಿನಷ್ಟು ಜಾಗ ಇರಲಿ. ಇಲ್ಲದಿದ್ದರೆ ನರ ಒತ್ತಿ ಕೈ ಜೋಮು ಹಿಡಿಯಬಹುದು. ದೊಡ್ಡ ಕಷ್ಟ ಅಂದರೆ ಎರಡೂ ಕೈ ಕಟ್ಟಿಹಾಕಿದ ಹಾಗೆ. ಒಂದು ಲೋಟ ನೀರು ತರುವುದಕ್ಕೂ ಆಗುವುದಿಲ್ಲ. ಹೆಗಲಿಗೊಂದು ಸಣ್ಣ ಚೀಲ, ಅದರಲ್ಲಿ ಮುಚ್ಚಳದ ಬಾಟಲಿ ಇಟ್ಟುಕೊಳ್ಳಿ.

ಮೊಣಕಾಲು ಸ್ಕೂಟರ್ ಅಂದರೆ ಚಕ್ರವಿರುವ ಸಣ್ಣ ಗಾಡಿ. ಅದರಲ್ಲಿ ಆಪರೇಷನ್ ಆದ ಕಾಲಿನ ಮೊಣಕಾಲು ಮಡಚಿ ಮೆತ್ತೆಯ ಮೇಲಿಟ್ಟು, ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಹೋಗಬೇಕು. ಸಮ ನೆಲದಲ್ಲಿ ಸುಸ್ತು ಕಡಿಮೆ. ಆದರೆ ಹೊಸ್ತಿಲು, ಇಕ್ಕಟ್ಟಾದ ಬಚ್ಚಲುಮನೆ ಅದಕ್ಕೆ ಆಗಿಬರುವುದಿಲ್ಲ. ಜೋರಾಗಿ ತಿರುಗಿಸಿದರೆ ಮಗುಚುತ್ತದೆ. ಮೊಣಕಾಲು ನೋವಿರುವವರಿಗೆ ಬೇಡವೇ ಬೇಡ.

ಇನ್ನು ವಾಕರ್, ಅಂದರೆ ಎರಡೂ ಕೈಯಲ್ಲಿ ಹಿಡಿದು ನಡೆಯುವ ಚೌಕಟ್ಟು, ನಿಧಾನ. ಆದರೂ ಬ್ಯಾಲೆನ್ಸ್ ಕಡಿಮೆ ಇರುವ ಹಿರಿಯರಿಗೆ ನಾನು ಅದನ್ನೇ ಹೇಳುತ್ತೇನೆ.

ಯಾವುದನ್ನೇ ಆರಿಸಿದರೂ ಆಪರೇಷನ್‌ಗೆ ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿ. ಹೊಲಿಗೆ ನೋಯುವಾಗ ಹೊಸದಾಗಿ ಕಲಿಯುವುದು ಕಷ್ಟ, ಅಲ್ವಾ?